ಎರಡು ನಿಮಿಷದ ನಿಲುಗಡೆ

ಮಾರ್ಚ್ 4, ಸೋಮವಾರ

ದೇವರ ದಯೆಯಿಂದ ನಮ್ಮ ಯಜಮಾನರು ಚುನಾವಣೆ ಗೆದ್ದು ಇವತ್ತಿಗೆ ಮೂರು ದಿನ. ಗೆದ್ದವರಿಗೆಲ್ಲ ಸಂಸತ್ತಿನ ಕಚೇರಿಯವರು ಎರಡೆರಡು ಡೈರಿ ಕಳಿಸಿದ್ದಾರೆ. ಒಂದನ್ನು ನನಗೆ ಕೊಟ್ಟರು. ಏಳನೇ ಕ್ಲಾಸು ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದು ಕಮ್ಮಿ. ಆದರೂ ಇಷ್ಟು ಒಳ್ಳೆಯ ಹಾಳೆಯನ್ನು ಖಾಲಿ ಬಿಡುವುದು ಪಾಪ, ಅದಕ್ಕೇ ಬರೆಯುತ್ತಿದ್ದೇನೆ. ಯಾರಿಗೂ ತೋರಿಸುವುದಕ್ಕಲ್ಲ.

ಇವರು ಗೆದ್ದದ್ದು ರೈಲಿನ ದೆಸೆಯಿಂದ. ಇಪ್ಪತ್ತೆರಡು ವರ್ಷ ನಾನು ಬೆಳಗಿನ ಆರೂ ಇಪ್ಪತ್ತರ ರೈಲಿಗೆ ಸೊಪ್ಪಿನ ಬುಟ್ಟಿ ಏರಿಸಿ ರಾಜಧಾನಿಯ ಮಾರುಕಟ್ಟೆಗೆ ಹೋದವಳು. ನನ್ನ ಜೊತೆಗೆ ನಲವತ್ತು ಹೆಂಗಸರು. ಒಂದೂವರೆ ವರ್ಷದ ಹಿಂದೆ ಒಂದು ದಿನ ರೈಲು ಬಂತು, ಕೂಗಿತು, ನಿಲ್ಲದೆ ಹೋಯಿತು. ಆಮೇಲೆ ನಿಲ್ಲಲೇ ಇಲ್ಲ. ಮುಂದಿನ ನಿಲ್ದಾಣಕ್ಕೆ ಒಂಬತ್ತು ಕಿಲೋಮೀಟರು. ತಲೆ ಮೇಲೆ ಬುಟ್ಟಿ ಹೊತ್ತು ಅಷ್ಟು ದೂರ ನಡೆಯಲಾರದೆ ಅರ್ಧ ಜನ ಮನೆಯಲ್ಲೇ ಕೂತರು. ಉಳಿದವರು ಮರದ ಲಾರಿ ಹತ್ತಿ, ದಿಮ್ಮಿಗಳ ಮೇಲೆ ಜೀವ ಕೈಯಲ್ಲಿ ಹಿಡಿದು ಹೋಗುತ್ತಾರೆ.

ಇವರದು ನಿಲ್ದಾಣದ ಎದುರಿನ ಗಡಿಯಾರ ರಿಪೇರಿ ಅಂಗಡಿ. ಒಂದು ದಿನ ಬಾಯಿ ತಪ್ಪಿ, "ನಾನು ಸಂಸತ್ತಿಗೆ ಹೋದರೆ ನಿಲ್ಲಿಸ್ತೀನಿ ನೋಡಿ" ಅಂದರು. ಬದನೆಕಾಯಿ ಅಕ್ಕ, ಎಂದರೆ ನಮ್ಮ ಹೆಂಗಸರ ಗುಂಪಿಗೆ ದೊಡ್ಡವಳು, ಅದನ್ನು ತಮಾಷೆ ಅಂದುಕೊಳ್ಳಲಿಲ್ಲ. ಕೈ ಹಿಡಿದು ಎಳೆದುಕೊಂಡು ಹೋಗಿ ನಾಮಪತ್ರ ಹಾಕಿಸಿದಳು. ಎರಡು ದೊಡ್ಡ ಪಕ್ಷದವರೂ ಒಬ್ಬರನ್ನೊಬ್ಬರು ಬೈಯುವುದರಲ್ಲೇ ಇದ್ದರು, ಇವರು ಇನ್ನೂರ ಹನ್ನೊಂದು ಓಟಿನ ಅಂತರದಲ್ಲಿ ಗೆದ್ದರು.

ಈಗ ನೋಡಿದರೆ ಒಂದು ಪಕ್ಷಕ್ಕೆ ಅರವತ್ತು ಸೀಟು, ಇನ್ನೊಂದಕ್ಕೂ ಅರವತ್ತು ಸೀಟು, ನಮ್ಮವರು ಒಬ್ಬರು. ಫೋನು ಬಡಿದುಕೊಳ್ಳುತ್ತಲೇ ಇದೆ. ದೇವರ ಮುಂದೆ ಕೂತು ಹೇಳಿದೆ: ಸ್ವಾಮಿ, ನಮಗೆ ಪದವಿ ಗಿದವಿ ಬೇಡ. ಇವರನ್ನು ಮಂತ್ರಿ ಮಾಡಲೇಬೇಡ, ಇಲ್ಲ ಅನ್ನುವುದಕ್ಕೆ ಬಾರದ ಮನುಷ್ಯ. ಎರಡು ನಿಮಿಷ ರೈಲು ನಿಂತರೆ ಸಾಕು.

ಮಾರ್ಚ್ 6, ಬುಧವಾರ

ಒಂದು ಪಕ್ಷದ ಮುಖ್ಯ ಸಚೇತಕರು ಮನೆಗೇ ಬಂದರು. ಸಚೇತಕ ಅಂದರೆ ಸದಸ್ಯರನ್ನು ಎಣಿಸಿ, ಓಟಿನ ಹೊತ್ತಿಗೆ ದೊಡ್ಡಿಗೆ ತುಂಬುವವರಂತೆ. ಕಡ್ಡಿಯಂಥ ಮನುಷ್ಯ. ಒಂದು ಕೈಯಲ್ಲಿ ಪುಟ್ಟ ಪುಸ್ತಕ, ಇನ್ನೊಂದರಲ್ಲಿ ಪೆನ್ಸಿಲು, ಕಿವಿಯ ಹಿಂದೆ ರಬ್ಬರು. ಕೂತ ಹದಿನೈದು ನಿಮಿಷದಲ್ಲಿ ಮೂರು ಹೆಸರು ಬರೆದು ಎರಡನ್ನು ಅಳಿಸಿದರು. ನಮ್ಮ ಅತ್ತೆ ಅವರಿಗೆ ಅಲ್ಲೇ ರಬ್ಬರಪ್ಪ ಎಂದು ಹೆಸರಿಟ್ಟರು.

"ಏನು ಬೇಕು, ಬಾಯಿ ಬಿಟ್ಟು ಹೇಳಿ," ಅಂದರು ರಬ್ಬರಪ್ಪ.

"ರೈಲು ನಿಲ್ಲಬೇಕು. ಎರಡೇ ನಿಮಿಷ."

"ರೈಲೇ?"

"ರೈಲೇ."

ರಬ್ಬರಪ್ಪ ಮುಖ ಹಿಂಡಿದರು. "ಕಾರು ಕೇಳಿ, ಬಂಗಲೆ ಕೇಳಿ, ಇವತ್ತೇ ಕೊಡಿಸ್ತೀನಿ. ರೈಲು ಅಂದ್ರೆ ರೈಲ್ವೆ ಮಂತ್ರಿಗಳ ಮಾತು. ನೀವು ಮೊದಲು ಮಂತ್ರಿ ಆಗಿ. ಹೊರಗಿದ್ದು ಕೂಗೋದಕ್ಕಿಂತ ಒಳಗೆ ಕೂತು ಕೇಳೋದು ಒಳ್ಳೇದಲ್ವಾ?"

"ಹೌದಲ್ವಾ," ಅಂದರು ಇವರು. ಇಷ್ಟೇ. ಆಯಿತು.

ಅಂಗಡಿಗೆ ಏನು ಬಂದರೂ ಚೀಟಿ ಬರೆಯುವುದು ಇವರ ಅಭ್ಯಾಸ. ರಬ್ಬರಪ್ಪನಿಗೂ ಬರೆದುಕೊಟ್ಟರು. ವಸ್ತು: ಸರ್ಕಾರ. ದೋಷ: ಒಂದು ಕಡಿಮೆ. ವಾಯಿದೆ: ರೈಲು ನಿಲ್ಲುವವರೆಗೆ. ರಬ್ಬರಪ್ಪ ನಗುತ್ತಾ ರುಜು ಹಾಕಿದರು. ಪೆನ್ಸಿಲಿನಲ್ಲಿ ಹಾಕಲು ಹೋದವರನ್ನು ತಡೆದು ನಾನೇ ಪೆನ್ನು ಕೊಟ್ಟೆ, ಚೀಟಿಯನ್ನು ನಾನೇ ಎತ್ತಿಟ್ಟೆ.

ಅವರು ಹೋದ ಮೇಲೆ ಕೇಳಿದೆ, "ಯಾವ ಖಾತೆ ಅಂತ ಕೇಳಿದ್ರಾ?"

"ಮೊದಲು ಕೈಗೆ ಬರಲಿ ಕಣೇ. ಬಿಚ್ಚಿ ನೋಡಿದ ಮೇಲೆ ತಾನೇ ಒಳಗೇನಿದೆ ಅಂತ ಗೊತ್ತಾಗೋದು."

ಅತ್ತೆ ಮಂಚದಿಂದಲೇ, "ನಿಮ್ಮಪ್ಪನ ಗೋಡೆ ಗಡಿಯಾರಾನೂ ಹೀಗೇ ಹೇಳಿ ಬಿಚ್ಚಿದೆ. ಹದಿನಾರು ವರ್ಷ ಆಯ್ತು, ಡಬ್ಬೀಲಿದೆ," ಅಂದರು.

ಮಾರ್ಚ್ 11, ಸೋಮವಾರ

ಪ್ರಮಾಣವಚನ ನೋಡಿ ಬಂದೆ. ಕಾಲಿಗೆ ಹೊಸ ಚಪ್ಪಲಿ ಕಚ್ಚಿದೆ.

ಇಪ್ಪತ್ನಾಲ್ಕು ಮಂತ್ರಿಗಳು, ಇವರು ಇಪ್ಪತ್ನಾಲ್ಕನೆಯವರು. ಮೊದಲ ಸಾಲಿನ ಕುರ್ಚಿಗೆ ಇಬ್ಬರು ಒಟ್ಟಿಗೇ ಕೂರಲು ಹೋಗಿ ಒಬ್ಬರು ಇನ್ನೊಬ್ಬರ ತೊಡೆಯ ಮೇಲೆ ಕೂತರು. ರಾಷ್ಟ್ರಾಧ್ಯಕ್ಷರು ಎಲ್ಲರಿಗೂ ಎರಡೆರಡು ಪ್ರಮಾಣ ಮಾಡಿಸಿದರು. ಒಂದು, ಕೆಲಸವನ್ನು ನಿಷ್ಠೆಯಿಂದ ಮಾಡುತ್ತೇನೆ ಅಂತ. ಇನ್ನೊಂದು, ಒಳಗಿನ ಗುಟ್ಟನ್ನು ಹೊರಗೆ ಹೇಳುವುದಿಲ್ಲ ಅಂತ. ಇವರು ದೇವರ ಹೆಸರಿನಲ್ಲಿ ಓದಿದಾಗ ನನಗೆ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಹೆಂಗಸು, "ಯಾವ ಖಾತೆ ನಿಮ್ಮವರದು?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಪಟ್ಟಿ ಬಂತು. ರೈಲ್ವೆ ಹೋದದ್ದು ದೊಡ್ಡ ಮೀಸೆಯವರೊಬ್ಬರಿಗೆ. ಅವರ ಊರಲ್ಲಿ ರೈಲು ಎರಡು ಕಡೆ ನಿಲ್ಲುತ್ತದಂತೆ, ಒಂದು ನಿಲ್ದಾಣದಲ್ಲಿ, ಇನ್ನೊಂದು ಅವರ ಮಾವನ ಮನೆ ಹಿತ್ತಲಲ್ಲಿ. ಇವರ ಹೆಸರು ಕೊನೆಗಿತ್ತು. ಮುಂದೆ ಬರೆದಿತ್ತು: ಖಾತೆಯಿಲ್ಲದ ಮಂತ್ರಿ.

"ಹಾಗಂದ್ರೆ ಏನ್ರೀ?"

"ಮಂತ್ರಿ. ಖಾತೆ ಇಲ್ಲ."

"ಮತ್ತೆ ಕೆಲಸ?"

"ಒಂದು ಕೋಣೆ ಕೊಟ್ಟಿದ್ದಾರೆ. ಮೇಜಿದೆ," ಅಂದರು. ಆಮೇಲೆ, "ಗಂಟೆ ಇಲ್ಲ. ಯಾರನ್ನಾದ್ರೂ ಕರೀಬೇಕಾದ್ರೆ ಚಪ್ಪಾಳೆ ತಟ್ಟಬೇಕು," ಅಂದರು.

ಮಾರ್ಚ್ 15, ಶುಕ್ರವಾರ

ಮಂತ್ರಿಗಳ ವಸತಿಗೆ ಬಂದೆವು. ಮನೆ ನಂಬರು ಇಪ್ಪತ್ನಾಲ್ಕು. ಕೋಟು ನೇತು ಹಾಕುವುದಕ್ಕೇ ಒಂದು ಕೋಣೆ. ಇವರಿಗೆ ಇರುವುದು ಒಂದು ಕೋಟು. ಅತ್ತೆ ಅಲ್ಲಿ ಮಂಚ ಹಾಕಿಸಿಕೊಂಡರು.

ಬದನೆಕಾಯಿ ಅಕ್ಕ ಫೋನು ಮಾಡಿದ್ದಳು. "ನಿಂತಿತೇನೇ?" ಇಲ್ಲ ಅಂದೆ. ಇಟ್ಟುಬಿಟ್ಟಳು.

ಏಪ್ರಿಲ್ 8, ಸೋಮವಾರ

ಇವತ್ತು ಇವರಿಗೆ ಪ್ರಧಾನಿಗಳಿಂದ ಬೈಗುಳ. ನಡೆದದ್ದು ಇಷ್ಟು. ಹೋದ ವಾರದ ಸಂಪುಟ ಸಭೆಯಲ್ಲಿ ಇವರು ರೈಲಿನ ಮಾತು ಎತ್ತಿದರು. ಮೀಸೆಯವರು, "ಅದು ತಾಂತ್ರಿಕ ವಿಷಯ," ಅಂದರು. ಪ್ರಧಾನಿಗಳು, "ಇವತ್ತಿನ ಪಟ್ಟಿಯಲ್ಲಿಲ್ಲ," ಅಂದರು. ಸಭೆ ಮುಗಿಯಿತು. ಹೊರಗೆ ಪತ್ರಿಕೆಯವರು ಮುತ್ತಿಕೊಂಡು ಕೇಳಿದಾಗ ಇವರು, "ರೈಲು ನಿಲ್ಲಿಸದಿರೋದು ತಪ್ಪು," ಅಂದುಬಿಟ್ಟರು. ಮಾರನೆಯ ದಿನ ದೊಡ್ಡಕ್ಷರದಲ್ಲಿ ಬಂತು: ಸಂಪುಟದಲ್ಲಿ ಬಿರುಕು.

ಪ್ರಧಾನಿಗಳು ಕರೆಸಿ ಹೇಳಿದರಂತೆ, "ಸಾಮೂಹಿಕ ಹೊಣೆ ಅಂತ ಒಂದಿದೆ. ಒಳಗೆ ಎಷ್ಟು ಬೇಕಾದ್ರೂ ಜಗಳ ಆಡಿ. ಬಾಗಿಲು ದಾಟಿದ ಮೇಲೆ ಎಲ್ಲರದ್ದೂ ಒಂದೇ ಮಾತು. ಒಪ್ಪಿಗೆ ಇಲ್ಲವೋ, ರಾಜೀನಾಮೆ ಕೊಟ್ಟು ಮಾತಾಡಿ."

ನನಗೆ ನನ್ನ ತವರು ನೆನಪಾಯಿತು. ನಾಲ್ವರು ಚಿಕ್ಕಪ್ಪಂದಿರು, ಒಂದೇ ಒಲೆ. ಅಡುಗೆಮನೆಯಲ್ಲಿ ಸೌಟು ಹಾರುತ್ತಿತ್ತು. ನೆಂಟರು ಬಂದರೋ, ಎಲ್ಲರೂ ಹಲ್ಲು ಬಿಟ್ಟುಕೊಂಡು, "ನಮ್ಮಲ್ಲಿ ಎಲ್ಲ ಹೊಂದಾಣಿಕೆ." ನಮ್ಮಮ್ಮ ಅದಕ್ಕೆ ಮರ್ಯಾದೆ ಅನ್ನುತ್ತಿದ್ದಳು. ನಾನು ಆಗಲೂ ಸುಳ್ಳು ಅನ್ನುತ್ತಿದ್ದೆ, ಈಗಲೂ ಸುಳ್ಳು ಅಂತಲೇ ಅನ್ನುತ್ತೇನೆ. ದೇವರು ಕೇಳಿಸಿಕೊಳ್ಳುವುದಕ್ಕೆ ಬಾಗಿಲಿನ ಒಳಗು ಹೊರಗು ಅಂತ ಇಲ್ಲ.

ಮೇ 6, ಸೋಮವಾರ

ಸಂಪುಟ ಪುನಾರಚನೆ ಆಯಿತು. ಮೀನುಗಾರಿಕೆಯವರು ತಮ್ಮ ಕೋಣೆಗೆ ಕಿಟಕಿಯಿಲ್ಲ ಅಂತ ಸಿಟ್ಟಾಗಿ ರಾಜೀನಾಮೆ ಎಸೆದರು. ತೆಗೆದುಕೊಳ್ಳುವುದಿಲ್ಲ ಅಂದುಕೊಂಡಿದ್ದರು, ಪ್ರಧಾನಿಗಳು ತೆಗೆದುಕೊಂಡುಬಿಟ್ಟರು. ಅವರ ಜಾಗಕ್ಕೆ ಅರಣ್ಯದವರು, ಅರಣ್ಯಕ್ಕೆ ತೂಕ ಮತ್ತು ಅಳತೆ ಖಾತೆಯವರು, ಆ ಖಾತೆ ಖಾಲಿ ಬಿತ್ತು, ಅದಕ್ಕೆ ಇವರು. ಒಬ್ಬರು ಎದ್ದದ್ದಕ್ಕೆ ಸಾಲೆಲ್ಲ ಸರಿದು ಕೂತ ಹಾಗೆ.

ಇವರಿಗೆ ಸಂತೋಷವೋ ಸಂತೋಷ. ಗಡಿಯಾರವೂ ಅಳತೆಯೇ ಅಂತ ಕಚೇರಿಯ ಗೋಡೆ ಗಡಿಯಾರಗಳನ್ನೆಲ್ಲ ಇಳಿಸಿ ಬಿಚ್ಚಿಕೊಂಡು ಕೂತಿದ್ದಾರೆ. ರೈಲಿನ ಮಾತೇ ಇಲ್ಲ.

ವಸತಿಯ ಮಾಲಿಗೆ ಎಲ್ಲ ಮೊದಲೇ ಗೊತ್ತಾಗುತ್ತದೆ. ಯಾರು ಉಳಿಯುತ್ತಾರೆ ಎಂದು ನೋಡಿ ಗಿಡ ಹಾಕುತ್ತಾನೆ. ಮೀಸೆಯವರ ಅಂಗಳಕ್ಕೆ ನಿಂಬೆ ಸಸಿ ಹಾಕಿದ, ಫಲಕ್ಕೆ ನಾಲ್ಕು ವರ್ಷ ಬೇಕು. ನನ್ನ ಅಂಗಳಕ್ಕೆ ಬಂದು, "ಅಮ್ಮಾ, ನಿಮಗೆ ಕೊತ್ತಂಬರಿ ಸಾಕು, ಬೇಗ ಬರುತ್ತೆ," ಅಂದ. ನನಗೆ ಮೈಯೆಲ್ಲ ಉರಿಯಿತು. ಯಾಕೆ ಉರಿಯಬೇಕಿತ್ತೋ ತಿಳಿಯದು, ಕೊತ್ತಂಬರಿ ನಾನು ಇಪ್ಪತ್ತೆರಡು ವರ್ಷ ಮಾರಿದ್ದೇ.

ಸಂಜೆ ರಬ್ಬರಪ್ಪ ಬಂದಿದ್ದರು. ನಾನು ರಾಜಕೀಯಕ್ಕೆ ತಲೆ ಹಾಕುವವಳಲ್ಲ. ಚಹಾ ಕೊಡುತ್ತಾ ಒಂದು ಮಾತು ಹೇಳಿದೆ ಅಷ್ಟೆ: "ಮೀಸೆಯವರಿಗೆ ಹಣಕಾಸಿನ ಮೇಲೆ ಕಣ್ಣಂತೆ, ಅವರ ಹೆಂಡತಿ ಬಾಯಿಬಿಟ್ಟರು. ಅವರು ಮೇಲಕ್ಕೆ ಹೋದರೆ ರೈಲ್ವೆ ಖಾಲಿ ಆಗುತ್ತಲ್ಲಾ." ರಬ್ಬರಪ್ಪ ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಪುಸ್ತಕ ತೆಗೆದು ಏನೋ ಬರೆದುಕೊಂಡರು.

ಜೂನ್ 5, ಬುಧವಾರ

ಬದನೆಕಾಯಿ ಅಕ್ಕ ಮತ್ತು ಐದು ಹೆಂಗಸರು ಮಾರುಕಟ್ಟೆ ಮುಗಿಸಿಕೊಂಡು ಖಾಲಿ ಬುಟ್ಟಿ ಹೊತ್ತು ಬಂದಿದ್ದರು. ನನಗೆ ಇವತ್ತು ಕೈ ಬಿಡುವಿರಲಿಲ್ಲ. ಅರಣ್ಯದವರ ಹೆಂಡತಿ ಒಳಗೆ ಕೂತಿದ್ದರು, ಅವರ ಗಂಡನನ್ನು ಬಿಡುತ್ತಾರೋ ಇಡುತ್ತಾರೋ ಅಂತ ಕೇಳಲು. ಹಾಗಾಗಿ ನಮ್ಮ ಹೆಂಗಸರನ್ನು ಮುಂದಿನ ಕೋಣೆಯಲ್ಲಿ ಕೂರಿಸಿದೆ. ಅರ್ಧ ಗಂಟೆ ಆಗಿರಬಹುದು, ಅಥವಾ ಒಂದು.

ಹೊರಗೆ ಬಂದಾಗ ಬದನೆಕಾಯಿ ಅಕ್ಕ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅವಳ ಎಡಗೈಗೆ ಪಟ್ಟಿ ಸುತ್ತಿತ್ತು.

"ಏನಾಯ್ತಕ್ಕಾ?"

"ಲಾರಿಯಿಂದ ಬಿದ್ದೆ. ಮೂಳೆ ಮುರಿದಿಲ್ಲ. ರೈಲು ಏನಾಯ್ತು ಹೇಳು."

"ಪರಿಶೀಲನೆಯಲ್ಲಿದೆ ಅಕ್ಕಾ. ಸ್ವಲ್ಪ ಕಾಲಾವಕಾಶ ಬೇಕು. ಸಂಪುಟದ ಸಮತೋಲನ ಅಂತ ಒಂದಿರುತ್ತೆ..."

ಅವಳು ನನ್ನ ಮುಖ ನೋಡಿದಳು. ಆಮೇಲೆ ಜೊತೆಯವರ ಕಡೆ ತಿರುಗಿ, "ಏಳ್ರೇ, ಮಂತ್ರಿಗಳು ಸಿಕ್ಕಿದ್ರು, ಮಾತು ಆಯ್ತು," ಅಂದಳು.

ಒಬ್ಬಳು ಹೊಸ್ತಿಲ ಹತ್ತಿರ ನಿಂತು, "ಸಿಕ್ಕಿದ್ದು ಮಂತ್ರಿಗಳ ಹೆಂಡತಿ ಅಲ್ವಾ ಅಕ್ಕಾ?" ಅಂತ ಕೇಳಿದಳು.

"ಇಲ್ಲ ಕಣೇ, ನಾನು ಸರಿಯಾಗೇ ನೋಡಿದೆ," ಅಂದಳು ಬದನೆಕಾಯಿ ಅಕ್ಕ.

ಚಹಾ ಕೂಡ ಕುಡಿಯಲಿಲ್ಲ. ಓದು ಬರಹ ಇಲ್ಲದವರಿಗೆ ಸರ್ಕಾರ ಹೇಗೆ ನಡೆಯುತ್ತದೆ ಅಂತ ಎಷ್ಟು ಹೇಳಿದರೂ ತಿಳಿಯುವುದಿಲ್ಲ.

ಜೂನ್ 6, ಗುರುವಾರ

ಬರೆಯಲು ಏನೂ ಇಲ್ಲ. ಪ್ರಾರ್ಥನೆಗೆ ಕೂತರೆ ಪಟ್ಟಿ ಸುತ್ತಿದ ಕೈಯೇ ಕಣ್ಣಿಗೆ ಕಟ್ಟುತ್ತದೆ.

ಜೂನ್ 7, ಶುಕ್ರವಾರ

ಇವತ್ತೂ ಅಷ್ಟೆ.

ಜುಲೈ 3, ಬುಧವಾರ

ವಿರೋಧ ಪಕ್ಷದವರು ಅವಿಶ್ವಾಸ ನಿರ್ಣಯ ತಂದಿದ್ದಾರೆ. ಶುಕ್ರವಾರ ಓಟು. ಇವರು ಈ ಕಡೆ ಇದ್ದರೆ ಅರವತ್ತೊಂದು, ಸರ್ಕಾರ ಉಳಿಯುತ್ತದೆ. ರಬ್ಬರಪ್ಪ ಬೆಳಿಗ್ಗೆಯೇ ಓಡಿ ಬಂದರು. ಇವರು ಒಳಗೆ ಸೀನುತ್ತಾ ಮಲಗಿದ್ದರು.

"ಶುಕ್ರವಾರಕ್ಕೆ ಹುಷಾರಾಗ್ತಾರಲ್ಲಮ್ಮಾ?"

"ದೇವರ ಕೈಯಲ್ಲಿದೆ. ಇವರಿಗೆ ನೆಗಡಿ ಬಂದರೆ ಜ್ವರಕ್ಕೆ ತಿರುಗುವ ಅಭ್ಯಾಸ."

"ಯಾವಾಗ ತಿರುಗುತ್ತೆ?"

"ಶುಕ್ರವಾರ."

ರಬ್ಬರಪ್ಪ ಕುರ್ಚಿಯಲ್ಲಿ ಕುಸಿದು ಕೂತರು. "ಅಮ್ಮಾ, ನೀವು ದೈವಭಕ್ತರು. ಹೀಗೆಲ್ಲ ಮಾಡಬಾರದು."

"ನಾನೇನು ಮಾಡಿದೆ? ಮಾರ್ಚ್ ಆರನೇ ತಾರೀಕು ನೀವು ರುಜು ಹಾಕಿದ ಚೀಟಿ ಇದೆ. ವಾಯಿದೆ ರೈಲು ನಿಲ್ಲುವವರೆಗೆ ಅಂತಿದೆ. ಮೀಸೆಯವರನ್ನು ಹಣಕಾಸಿಗೆ ಏರಿಸಿ, ರೈಲ್ವೆ ಇವರಿಗೆ ಕೊಡಿ. ಕಷಾಯ ಕುಡಿಸಿ ನಾನೇ ಕರ್ಕೊಂಡು ಬರ್ತೀನಿ."

"ಈಗಿರೋ ಹಣಕಾಸಿನವರನ್ನ ಏನು ಮಾಡ್ಲಿ?"

"ರಬ್ಬರು ನಿಮ್ಮ ಹತ್ತಿರಾನೇ ಇದೆಯಲ್ಲ."

ಪ್ರಧಾನಿಗಳ ಮನೆಗೂ ನಮ್ಮ ಮನೆಗೂ ನಾಲ್ಕು ಸಲ ಓಡಾಡಿದರು. ಮಧ್ಯಾಹ್ನ ಮೂರಕ್ಕೆ, ನಾಳೆ ಬೆಳಿಗ್ಗೆ ಆದೇಶ ಅಂದರು. ಅವರು ಗೇಟು ದಾಟುವ ಮುಂಚೆ ಮಾಲಿ ನಿಂಬೆ ಸಸಿ ತಂದು ನನ್ನ ಅಂಗಳದಲ್ಲಿ ಗುಂಡಿ ತೆಗೆಯುತ್ತಿದ್ದ.

ನಾನು ಸುಳ್ಳು ಹೇಳಿಲ್ಲ. ಇವರು ನಿಜವಾಗಿ ಸೀನಿದ್ದಾರೆ. ಆದರೂ ಸಂಜೆ ದೇವರಿಗೆ ಒಂದು ಕ್ಷಮೆ ಕೇಳಿ ಇಟ್ಟೆ, ಇದ್ದರೆ ಇರಲಿ ಅಂತ.

ಜುಲೈ 4, ಗುರುವಾರ

ಇವರು ರೈಲ್ವೆ ಮಂತ್ರಿ! ಬದನೆಕಾಯಿ ಅಕ್ಕನಿಗೆ ಫೋನು ಮಾಡಿದೆ. "ಸೋಮವಾರದಿಂದ ಬುಟ್ಟಿ ಕಟ್ಟಿಕೊಳ್ಳಿ," ಅಂದೆ.

"ನಿಂತ ಮೇಲೆ ಕಟ್ತೀವಿ," ಅಂದಳು.

ಜುಲೈ 5, ಶುಕ್ರವಾರ

ಸರ್ಕಾರ ಬಿತ್ತು.

ಕೆಲಸ ಕಳೆದುಕೊಂಡ ಹಣಕಾಸಿನವರು ಸಭೆಗೆ ಬಂದರು, ನೆಟ್ಟಗೆ ನಡೆದುಕೊಂಡು ಹೋಗಿ ಆ ಕಡೆಯ ಸಾಲಿನಲ್ಲಿ ಕೂತರು. ನಮಗೆ ಅರವತ್ತು, ಅವರಿಗೆ ಅರವತ್ತೊಂದು. ಮೇಲೆ ಗ್ಯಾಲರಿಯಲ್ಲಿ ಕೂತು ನಾನೂ ಎಣಿಸಿದೆ. ಎರಡು ಸಲ ಎಣಿಸಿದೆ. ಕೆಳಗೆ ರಬ್ಬರಪ್ಪ ಪುಸ್ತಕ ಮುಚ್ಚಿ, ತಲೆ ಎತ್ತಿ, ಅಷ್ಟು ಜನರಲ್ಲಿ ನನ್ನನ್ನೇ ಹುಡುಕಿ ನೋಡಿದರು.

ನಾನೇನು ಮಾಡಲಿ? ನಾನು ರಬ್ಬರಿನ ಮಾತು ಹೇಳಿದ್ದು ಹೌದು. ಅಳಿಸಿದ ಹೆಸರಿಗೂ ಒಂದು ಓಟು ಉಳಿದಿರುತ್ತದೆ ಅಂತ ಅವರಿಗಾದರೂ ತಿಳಿಯಬೇಡವೇ?

ಜುಲೈ 8, ಸೋಮವಾರ

ಪ್ರಧಾನಿಗಳು ರಾಜೀನಾಮೆ ಕೊಟ್ಟರು. ಹೊಸ ವ್ಯವಸ್ಥೆ ಆಗುವವರೆಗೆ ನೀವೇ ನೋಡಿಕೊಂಡಿರಿ ಅಂತ ರಾಷ್ಟ್ರಾಧ್ಯಕ್ಷರು ಹೇಳಿದ್ದಾರೆ. ಇದಕ್ಕೆ ಉಸ್ತುವಾರಿ ಸರ್ಕಾರ ಅನ್ನುತ್ತಾರೆ. ಮಂತ್ರಿಗಳು ಮಂತ್ರಿಗಳೇ, ಆದರೆ ಹೊಸ ತೀರ್ಮಾನ ಏನೂ ಮಾಡುವಂತಿಲ್ಲ, ದಿನನಿತ್ಯದ ಕೆಲಸ ಮಾತ್ರ. ನಾಲ್ಕು ತಿಂಗಳು ಹಟ ಹಿಡಿದು ರೈಲ್ವೆ ತೆಗೆದುಕೊಂಡೆವು. ಈಗ ಅದು ನಮ್ಮದು, ಮುಟ್ಟುವ ಹಾಗಿಲ್ಲ.

ಬದನೆಕಾಯಿ ಅಕ್ಕ ಫೋನು ಮಾಡಲಿಲ್ಲ. ಮಾಡಿ ಬೈದಿದ್ದರೆ ಚೆನ್ನಾಗಿತ್ತು. ಮಾಲಿ ಬಂದು ನಿಂಬೆ ಸಸಿ ಕಿತ್ತುಕೊಂಡು ಹೋದ.

ಇವರು ಮಾತ್ರ, "ಅಂಗಡಿ ಬಾಗಿಲಿಗೆ ಎಣ್ಣೆ ಹಾಕ್ಬೇಕು ಕಣೇ, ತುಕ್ಕು ಹಿಡಿದಿರುತ್ತೆ," ಅಂದರು. ಆ ಮುಖದಲ್ಲಿ ಅಂಥ ಖುಷಿ ನಾನು ಮಾರ್ಚಿನಿಂದ ನೋಡಿರಲಿಲ್ಲ. ನನಗೆ ಅಳು ಬಂತು.

ಜುಲೈ 10, ಬುಧವಾರ

ಅಳುತ್ತಾ ಕೂರುವುದಕ್ಕೆ ದೇವರು ಕೈಕಾಲು ಕೊಟ್ಟಿಲ್ಲ. ಬೆಳಿಗ್ಗೆ ಇವರ ಜೊತೆ ರೈಲ್ವೆ ಕಚೇರಿಗೆ ಹೋದೆ. ಬುತ್ತಿ ಹಿಡಿದುಕೊಂಡು ಹೋದದ್ದು, ಬೇರೆ ಏನಕ್ಕೂ ಅಲ್ಲ.

ಅಲ್ಲಿ ಆಪ್ತ ಕಾರ್ಯದರ್ಶಿ ಅಂತ ಒಬ್ಬ ಹಿರಿಯರಿದ್ದಾರೆ. ಒಂಬತ್ತು ರೈಲ್ವೆ ಮಂತ್ರಿಗಳನ್ನು ಬರಮಾಡಿಕೊಂಡು ಕಳಿಸಿಕೊಟ್ಟವರು. ಮಂತ್ರಿಗಳು ಬದಲಾಗುತ್ತಾರೆ, ಇವರ ಕುರ್ಚಿಯ ಮೇಲಿನ ದಿಂಬು ಕೂಡ ಬದಲಾಗಿಲ್ಲ.

"ಹೊಸ ನಿಲುಗಡೆ ಕೊಡೋದು ಅಂದ್ರೆ ಹೊಸ ತೀರ್ಮಾನ. ಸಾಧ್ಯ ಇಲ್ಲಮ್ಮ," ಅಂದರು.

"ಕೊಡಬೇಡಿ. ಹಳೇದನ್ನ ಯಾಕೆ ತೆಗೆದರು ಅಂತ ನೋಡಬಹುದಾ?"

ಅವರು ಇವರ ಮುಖ ನೋಡಿದರು. ಇವರು ಕಿಟಕಿಯ ಪಕ್ಕ ಕಚೇರಿ ಗಡಿಯಾರದ ಹಲ್ಲು ಎಣಿಸುತ್ತಿದ್ದವರು ತಲೆ ಎತ್ತದೆ, "ತರಿಸಿ," ಅಂದರು.

ಫೈಲು ಬಂತು. ಮಂತ್ರಿಗಳ ಫೈಲನ್ನು ಬೇರೆಯವರು ಓದಬಾರದು, ಗುಟ್ಟಿನ ಪ್ರಮಾಣ ಇದೆ, ನನಗೆ ಗೊತ್ತು. ಆದರೆ ಇವರ ಕಣ್ಣಲ್ಲಿ ಗಡಿಯಾರದ ಮಸೂರ ಸಿಕ್ಕಿಸಿಕೊಂಡಿತ್ತು. ಅದಕ್ಕೇ ನಾನು ಓದಿ ಹೇಳಿದೆ. ಓದಿದ್ದು ಅವರ ಪರವಾಗಿ.

ಮೊದಲ ಹಾಳೆಯಲ್ಲೇ ಇತ್ತು. "ಪ್ಲಾಟ್‌ಫಾರ್ಮಿನ ಅಂಚು ಕುಸಿದಿರುವುದರಿಂದ ದುರಸ್ತಿ ಮುಗಿಯುವವರೆಗೆ, ಸುಮಾರು ಮೂರು ವಾರ, ನಿಲುಗಡೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ." ಎರಡನೇ ಹಾಳೆ: ದುರಸ್ತಿ ಮುಗಿದಿದೆ, ಎಂಜಿನಿಯರರ ರುಜು ಇದೆ, ಹದಿನೇಳು ದಿನಕ್ಕೇ ಮುಗಿದಿದೆ. ಮೂರನೇ ಹಾಳೆ ಇರಲಿಲ್ಲ.

"ಅಂದರೆ ತೆಗೆದೇ ಇಲ್ಲವಾ?" ಅಂದೆ.

ಹಿರಿಯರು ಫೈಲು ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಒರೆಸಿಕೊಂಡು ಮತ್ತೆ ತಿರುಗಿಸಿದರು. "ತೆಗೆದಿಲ್ಲ. ಕೆಲಸ ಮುಗೀತು ಅಂತ ಯಾರೂ ಕೆಳಗೆ ತಿಳಿಸಿಲ್ಲ. ಆ ವಾರ ಸಂಪುಟ ಬದಲಾಯ್ತು. ಫೈಲು ಹಳೇ ಮಂತ್ರಿಗಳ ಮೇಜಿನಿಂದ ಹೊಸ ಮಂತ್ರಿಗಳ ಮೇಜಿಗೆ ಹೋಗೋ ಬದಲು ಕಪಾಟಿಗೆ ಹೋಗಿದೆ."

"ಮೀಸೆಯವರು ತಾಂತ್ರಿಕ ವಿಷಯ ಅಂದರಲ್ಲಾ?"

"ಅವರು ಫೈಲು ತರಿಸಲಿಲ್ಲಮ್ಮಾ. ತರಿಸದೆ ಇದ್ರೆ ಎಲ್ಲಾನೂ ತಾಂತ್ರಿಕವೇ."

"ಈಗ ತಿಳಿಸೋದು ಹೊಸ ತೀರ್ಮಾನವಾ, ದಿನನಿತ್ಯದ ಕೆಲಸವಾ?"

ಮುದುಕರು ಫೈಲು ಮುಚ್ಚಿ ಮೇಜಿನ ಮೇಲಿಟ್ಟರು. ಆಮೇಲೆ ಅವರ ತುಟಿಯ ತುದಿ ಒಂಚೂರು ಏರಿತು. "ಮರೆತದ್ದನ್ನ ನೆನಪು ಮಾಡೋದು ತೀರ್ಮಾನ ಅಲ್ಲ," ಅಂದರು. ಒಂದು ಹಾಳೆ ತೆಗೆದು ನಾಲ್ಕು ಸಾಲು ಬರೆದು ಇವರ ಮುಂದೆ ಇಟ್ಟರು. ಇವರು ರುಜು ಹಾಕಿದರು. ಮಸೂರದಲ್ಲಿ ನೋಡಿ ಹಾಕಿದ್ದರಿಂದ ರುಜು ಇರುವೆಯಷ್ಟು ಚಿಕ್ಕದಾಯಿತು.

ಬರುವಾಗ ದಾರಿಯಲ್ಲಿ ಇವರು ಕೇಳಿದರು, "ಇಷ್ಟಕ್ಕೆ ನಾಲ್ಕು ತಿಂಗಳು ಬೇಕಿತ್ತೇನೇ?"

"ನೀವು ಮೊದಲೇ ಬಿಚ್ಚಿ ನೋಡಿದ್ದರೆ ಬೇಕಿರಲಿಲ್ಲ," ಅಂದೆ. ಫೈಲು ಕೇಳುವುದು ನನಗೂ ಇವತ್ತಿನವರೆಗೆ ಹೊಳೆದಿರಲಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ.

ಜುಲೈ 15, ಸೋಮವಾರ

ಹೊಸ ಸರ್ಕಾರ ನಿನ್ನೆ ಪ್ರಮಾಣ ಮಾಡಿತು. ಪಕ್ಷ ಬದಲಿಸಿದ ಹಣಕಾಸಿನವರು ಉಪಪ್ರಧಾನಿ. ನಾವು ಅದಕ್ಕೆ ಮೊದಲೇ ಗಂಟುಮೂಟೆ ಕಟ್ಟಿ ಊರಿಗೆ ಬಂದಿದ್ದೆವು. ಕೋಟಿನ ಕೋಣೆ ಬಿಟ್ಟು ಬರಲು ಅತ್ತೆ ಒಪ್ಪಿರಲಿಲ್ಲ. "ಆ ಕೋಣೆಯಲ್ಲಿ ನಿನ್ನ ಮಾತು ಕೇಳಿಸ್ತಿರಲಿಲ್ಲ ಕಣೇ," ಅಂದರು.

ಬೆಳಿಗ್ಗೆ ಆರಕ್ಕೆ ನಿಲ್ದಾಣಕ್ಕೆ ಹೋದೆ. ಹೆಂಗಸರು ಯಾರೂ ಇಲ್ಲ. ಬದನೆಕಾಯಿ ಅಕ್ಕ ಒಬ್ಬಳೇ ಬೆಂಚಿನ ಮೇಲೆ ಕೂತಿದ್ದಳು, ಬುಟ್ಟಿ ಇಲ್ಲದೆ.

"ಬುಟ್ಟಿ ಎಲ್ಲಕ್ಕಾ?"

"ನಿಂತ ಮೇಲೆ ಕಟ್ತೀವಿ ಅಂದಿದ್ನಲ್ಲಾ. ಇವತ್ತು ನೋಡೋಕೆ ಬಂದೆ."

ಆರೂ ಇಪ್ಪತ್ತು ದಾಟಿದ ಮೇಲೆ ಕೂಗು ಕೇಳಿಸಿತು. ನನಗೆ ಪ್ರಾರ್ಥನೆಯ ಮಾತೆಲ್ಲ ಮರೆತು ಹೋಯಿತು. ಸುಮ್ಮನೆ ಸ್ವಾಮಿ, ಸ್ವಾಮಿ ಅಂದೆ. ರೈಲು ಬಂತು, ನಿಧಾನ ಆಯಿತು, ಇನ್ನೂ ನಿಧಾನ ಆಯಿತು, ಕಿರ್ರ್ ಅಂತ ನಿಂತಿತು. ಅಂಗಡಿಯ ಬಾಗಿಲಲ್ಲಿ ಇವರು ಗಡಿಯಾರ ಹಿಡಿದು ನಿಂತಿದ್ದರು. "ನಾಲ್ಕು ನಿಮಿಷ ತಡ!" ಅಂತ ಕೂಗಿದರು.

ಬದನೆಕಾಯಿ ಅಕ್ಕ ಎದ್ದು ಹೋಗಿ ರೈಲಿನ ಡಬ್ಬಿಯನ್ನು ಕೈಯಿಂದ ಮುಟ್ಟಿ ನೋಡಿದಳು. ತಿರುಗಿ ಬಂದು ನನ್ನ ಎದುರು ನಿಂತಳು.

"ಅವತ್ತು ನನ್ನನ್ನ ಒಂದು ಗಂಟೆ ಕೂರಿಸಿದ್ಯಲ್ಲಾ."

"ಅರ್ಧ ಗಂಟೆ ಅಕ್ಕಾ."

"ಒಂದು ಗಂಟೆ."

"ಒಂದು ಗಂಟೆ," ಅಂದೆ. "ತಪ್ಪಾಯ್ತು."

"ಹ್ಞೂಂ," ಅಂದಳು. "ನಾಳೆ ಸೊಪ್ಪು ಕಟ್ಕೊಂಡು ಬಾ. ಕಿಟಕಿ ಪಕ್ಕದ ಜಾಗ ನನ್ನದು."

ಜುಲೈ 19, ಶುಕ್ರವಾರ

ನಾಲ್ಕು ದಿನದಿಂದ ಮಾರುಕಟ್ಟೆಗೆ ಹೋಗುತ್ತಿದ್ದೇನೆ. ಸೊಂಟ ನೋವು, ಮನಸ್ಸು ಹಗುರ. ಇನ್ನು ನನಗೂ ರಾಜಕೀಯಕ್ಕೂ ಸಂಬಂಧ ಮುಗಿಯಿತು. ದೇವರು ದೊಡ್ಡವನು.

ಇವತ್ತು ಸೊಪ್ಪು ಬೇಗ ಖರ್ಚಾಯಿತು. ಸಂಜೆಯ ರೈಲು ಮೊದಲಿಂದಲೂ ನಮ್ಮಲ್ಲಿ ನಿಲ್ಲುವುದಿಲ್ಲ, ಬರುವಾಗ ಈಗಲೂ ಲಾರಿಯೇ. ಬೆಳಗಿನದೊಂದು ನಿಂತರೆ ಸಾಕು ಅಂತ ಮಾರ್ಚಿನಲ್ಲಿ ಯಾಕೆ ಕೇಳಿದೆನೋ, ಹೋಗುವವರು ತಿರುಗಿಯೂ ಬರಬೇಕಲ್ಲ. ಲಾರಿಗೆ ಇನ್ನೂ ಎರಡು ಗಂಟೆ ಇತ್ತು. ರೈಲ್ವೆ ಕಚೇರಿ ಮಾರುಕಟ್ಟೆಯಿಂದ ಎರಡೇ ಬೀದಿ. ಬಿಸಿಲಿಗೆ ಸ್ವಲ್ಪ ನೆರಳಾಗಲಿ ಅಂತ ಹೋಗಿ ಕೂತೆ.

ಹೊಸ ಮಂತ್ರಿಗಳು ಚಿಕ್ಕ ವಯಸ್ಸಿನವರು, ಗಡಿಬಿಡಿ. ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ ನನ್ನನ್ನು ನೋಡಿ, "ಇವರು ಯಾರು? ಹೊತ್ತು ಗೊತ್ತು ಇಲ್ವಾ? ಹೊರಗೆ ಕೂರಿಸಿ," ಅಂದರು.

ಆಪ್ತ ಕಾರ್ಯದರ್ಶಿಗಳು ತಮ್ಮ ದಿಂಬಿನಿಂದ ಎದ್ದರು. ನನಗೆ ಕುರ್ಚಿ ಎಳೆದು ಹಾಕಿದರು. ಆಮೇಲೆ ಮಂತ್ರಿಗಳ ಕಿವಿಯ ಹತ್ತಿರ ಬಾಗಿ, ನನಗೂ ಕೇಳಿಸುವ ಹಾಗೆ ಹೇಳಿದರು: "ಸಾರ್, ನೀವು ಐದು ದಿನದಿಂದ ಇದ್ದೀರಿ. ತುಂಬಾ ದಿನ ಇರಬೇಕು ಅಂತಿದ್ರೆ ಇವರ ಮಾತು ಕೇಳಿಬಿಡಿ."

ನಾನು ಹೆಚ್ಚು ಮಾತಾಡಲಿಲ್ಲ. ಸಂಜೆಯ ರೈಲಿನ ಫೈಲಿನ ನಂಬರು ಹೇಳಿದೆ ಅಷ್ಟೆ.